ಬೀಗತಿ ನಿಲ್ಲಿಸಿದ ಒನಕೆ

ನಮ್ಮ ಮನೆಯಲ್ಲಿ ಒಂದು ಪ್ರಶ್ನೆಗೆ ನೆಟ್ಟಗೆ ಒಂದು ಉತ್ತರ ಸಿಗುವ ಕಾಲ ಯಾವತ್ತೋ ಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ಹಾಲು ಒಡೆದಿದೆ ಅನ್ನಿ. "ಹಾಲು ಯಾಕ ಒಡೀತು?" ಅಂತ ನನ್ನ ಬಾಯಿಂದ ಒಂದು ಮಾತು ಬಿದ್ದರೆ ಸಾಕು. ಮೊಮ್ಮಗಳು ಶೈಲಜಾ ಹಲ್ಲುಜ್ಜುವುದನ್ನು ಅರ್ಧಕ್ಕೆ ನಿಲ್ಲಿಸಿ, ಕಣ್ಣಿಗೆ ಕಾಣದ ಜೀವಿಗಳು ಹಾಲಿನಲ್ಲಿ ಹೇಗೆ ಸಂಸಾರ ಹೂಡುತ್ತವೆ ಅಂತ ಪಾಠ ಶುರು ಮಾಡುತ್ತಾಳೆ. ಕಿರಿಮಗ ಮಲ್ಲಿಕಾರ್ಜುನ ಮೊಬೈಲಿನಿಂದ ತಲೆ ಎತ್ತದೆ, ಹಿಂದಿನವರು ಮಣ್ಣಿನ ಗಡಿಗೆಯಲ್ಲಿ ಹಾಲು ಕಾಯಿಸುತ್ತಿದ್ದುದರ ಹಿಂದೆ ಭಾರೀ ವಿಜ್ಞಾನ ಇತ್ತಂತೆ ಅಂತ ಓದಿ ಹೇಳುತ್ತಾನೆ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, ನಿನ್ನೆ ಹಾಲು ತರುವಾಗ ಎದುರಿಗೆ ಬಂದವರು ಯಾರು ಅಂತ ಕೇಳುತ್ತಾಳೆ. ನನಗೆ ಬೇಕಾಗಿದ್ದು ಇಷ್ಟೇ ನೋಡಿ: ಹಾಲು ಕಾಸಿಡದೆ ಮಲಗಿದವರು ಯಾರು? ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟದ್ದಕ್ಕೆ ದುಃಖವೇನೂ ಇಲ್ಲ, ಅಲ್ಲಿ ಕೂತರೆ ಸೊಂಟ ನೋಯುತ್ತಿತ್ತು. ಹಾಗಂತ ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೊಣಕಾಲು ಇವತ್ತು ಮಡಚುತ್ತದೆ ಅಂದರೆ ಅದು ವಿಜ್ಞಾನದ ಉಪಕಾರ. ಕಥೆಯ ಮೇಲೂ ಸಿಟ್ಟಿಲ್ಲ. ನನ್ನ ತವರು ಕುರ್ಡಿಯಲ್ಲಿ ನಾನು ಸಣ್ಣವಳಿದ್ದಾಗ ಗುಡುಗಿದರೆ ನಮ್ಮವ್ವ, "ಮ್ಯಾಲ ಮುದುಕಿ ಜೋಳ ಬೀಸಾಕತ್ಯಾಳ, ಸುಮ್ನ ಮಲ್ಕೋ" ಅನ್ನುತ್ತಿದ್ದಳು. ನಾನು ಒಮ್ಮೆ, "ಹಂಗಾದ್ರ ಹಿಟ್ಟು ಎಲ್ಲಿ ಬೀಳ್ತದ?" ಅಂತ ಕೇಳಿ ಬೆನ್ನಿಗೆ ಗುದ್ದು ತಿಂದೆ. ಕಥೆಗೆ ಅಡ್ಡಪ್ರಶ್ನೆ ಕೇಳಿದರೆ ಗುದ್ದು ಬೀಳುತ್ತದೆ, ವಿಜ್ಞಾನಕ್ಕೆ ಅಡ್ಡಪ್ರಶ್ನೆ ಕೇಳಿದರೆ ಭಾಷಣ ಬೀಳುತ್ತದೆ. ಎರಡನ್ನೂ ಉಂಡವಳಾಗಿ ಹೇಳುತ್ತೇನೆ, ಗುದ್ದು ಬೇಗ ಮುಗಿಯುತ್ತದೆ.

ಇಷ್ಟು ಬೇಸರಕ್ಕೆ ಕಾರಣ ಒಂದು ಒನಕೆ. ಅದರ ಸುದ್ದಿ ಹೇಳಬೇಕಾದರೆ ಮೊದಲು ಮನೆಯವರ ಪರಿಚಯ ಆಗಬೇಕು. ರಾಯಚೂರಿನಲ್ಲಿ ಸ್ಟೇಷನ್ ಕಡೆಯ ಒಂದು ಓಣಿಯಲ್ಲಿ ನಮ್ಮ ಮನೆ. ಮಲ್ಲಿಕಾರ್ಜುನ, ಅಂದರೆ ನಮ್ಮ ಮಲ್ಲ್ಯಾ, ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಗೌರಿ ಆಗ ತುಂಬು ಬಸುರಿ. ಶೈಲಜಾ ನನ್ನ ಹಿರಿಮಗನ ಮಗಳು. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಬಸ್ಸಿಗೆ ಅನುಕೂಲ ಅಂತ ನಮ್ಮಲ್ಲೇ ಇದ್ದಾಳೆ. ಇನ್ನು ದೇವದುರ್ಗದ ಬಸಲಿಂಗಮ್ಮ. ಗೌರಿಯ ತಾಯಿ, ನನ್ನ ಬೀಗತಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಲ್ಲ, ಮಗಳನ್ನು ಕರೆದೊಯ್ಯಲು ಒಂದು ಚೀಲ ಒಣ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಹೊತ್ತು ಬಂದಳು. ಬಂದವಳು ಕ್ಯಾಲೆಂಡರ್ ನೋಡಿ ಎದೆ ಹಿಡಿದುಕೊಂಡಳು. ಎಳ್ಳಮಾಸಿಯ ದಿನವೇ ಸೂರ್ಯಗ್ರಹಣ. ಬಸುರಿಯನ್ನು ಕರೆದುಕೊಂಡು ದಾರಿ ನಡೆಯುವ ಹಾಗಿಲ್ಲ. ಗ್ರಹಣ ಮುಗಿಯುವ ತನಕ ಇಲ್ಲೇ ಠಿಕಾಣಿ.

ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ನಾವೂ ಉಂಡು, ಮರದ ನೆರಳಿಗೆ ಅಡ್ಡಾಗುವ ದಿನ. ಅಂಥ ದಿನ ಇಡೀ ಓಣಿ ಬಾಗಿಲು ಹಾಕಿಕೊಂಡು ಕೂತಿತ್ತು. ಟಿವಿಯಲ್ಲಿ ಒಂದು ಕಡೆ ಜ್ಯೋತಿಷಿ, ಇನ್ನೊಂದು ಕಡೆ ವಿಜ್ಞಾನಿ, ನಡುವೆ ಇಬ್ಬರನ್ನೂ ಕಚ್ಚಾಡಿಸುವ ಒಬ್ಬ ಹುಡುಗ. ಅದೇ ಪಂಚಾಯಿತಿ ನಮ್ಮ ಪಡಸಾಲೆಯಲ್ಲೂ ನಡೆದಿತ್ತು, ಬಿಟ್ಟಿಯಾಗಿ, ಜಾಹೀರಾತಿನ ಬಿಡುವೂ ಇಲ್ಲದೆ. ಬಸಲಿಂಗಮ್ಮ ಹಿಂದಿನ ದಿನ ಹೊತ್ತು ಮುಳುಗಿದ್ದೇ ಗೌರಿಯ ಊಟ ನಿಲ್ಲಿಸಿದಳು. ಬೆಳಿಗ್ಗೆ ಅವಳನ್ನು ನಡುಮನೆಯ ಕೋಣೆಗೆ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿದಳು. ಮಡಚಬಾರದು, ಹರಿಯಬಾರದು, ಮೈ ಕೆರೆದುಕೊಳ್ಳಬಾರದು, ನೀರು ಕೂಡ ಬೇಡ.

ಡಾಕ್ಟರಮ್ಮ ಹೋದ ಸಲವೇ ಹೇಳಿದ್ದಳು, "ಇವಳಿಗೆ ರಕ್ತ ಕಡಿಮೆ ಇದೆ, ಹೊಟ್ಟೆ ಖಾಲಿ ಬಿಡಬೇಡಿ, ತಲೆ ಸುತ್ತಿ ಬಿದ್ದರೆ ಕಷ್ಟ" ಅಂತ. ಅದನ್ನು ನಾನು ಬೀಗತಿಗೆ ಹೇಳಿದೆ. "ಡಾಕ್ಟರಿಗೆ ಗ್ರಹಣ ಗೊತ್ತೇನ್ರಿ ಬೀಗರ?" ಅಂದಳು. ಮಗನ ಕಡೆ ತಿರುಗಿ, "ಲೇ ಮಲ್ಲ್ಯಾ, ನಿನ್ನ ಹೇಣ್ತಿ ಅಲಾ? ನೀ ಏನಂತಿ?" ಅಂದೆ. ಅವನು ಮೊಬೈಲು ಮೇಲೆ ಕೆಳಗೆ ಉಜ್ಜಿ, "ಫೋನಿನ್ಯಾಗ ಎರಡೂ ಥರ ಬಂದದವ್ವಾ" ಅಂದ. ಇಂಥವನನ್ನು ಹೆತ್ತು ಹೊತ್ತದ್ದಕ್ಕೆ ಯಾವ ವೈಜ್ಞಾನಿಕ ಕಾರಣ ಇದೆಯೋ ಯಾರಾದರೂ ಹುಡುಕಿ ಹೇಳಲಿ.

ಶೈಲಜಾ ಮಾತ್ರ ಸುಮ್ಮನಿರುವ ಪೈಕಿ ಅಲ್ಲ. ಒಂದು ನಿಂಬೆಹಣ್ಣು, ಒಂದು ಈರುಳ್ಳಿ, ನನ್ನ ದೇವರಮನೆಯ ದೀಪ ತಂದು ಬಸಲಿಂಗಮ್ಮನ ಮುಂದೆ ಇಟ್ಟಳು. "ನೋಡ್ರಿ ಅಮ್ಮಾರ, ಈ ಉಳ್ಳಾಗಡ್ಡಿ ನಾವು. ಈ ನಿಂಬಿಹಣ್ಣು ಚಂದ್ರ. ಅದು ದೀಪಕ್ಕ ಅಡ್ಡ ಬಂತು. ಅಷ್ಟ ರೀ ಗ್ರಹಣ ಅಂದ್ರ. ನೆರಳು. ನೆರಳು ಬಿದ್ರ ಕೂಸಿಗೆ ಏನಾಗ್ತದ? ಗಿಡದ ನೆರಳಾಗ ಬಸುರಿ ಕೂಡಂಗಿಲ್ಲೇನು?"

ಮಾತು ಸರಿಯಾಗಿತ್ತು, ನಾನೂ ತಲೆಯಾಡಿಸಿದೆ. ಆದರೆ ಶೈಲಜಾಗೆ ಒಂದು ಖೋಡಿ ಇದೆ. ಸರಿಯಾದ ಮಾತನ್ನು, ಎದುರಿಗಿದ್ದವರು ಪರೀಕ್ಷೆಯಲ್ಲಿ ನಪಾಸಾದಂತೆ ಹೇಳುತ್ತಾಳೆ. ಬಸಲಿಂಗಮ್ಮ ಈರುಳ್ಳಿ ಎತ್ತಿ ಬುಟ್ಟಿಗೆ ಹಾಕಿದಳು. "ನಮ್ಮಕ್ಕನ ಕೂಸಿಗೆ ತುಟಿ ಸೀಳಿ ಹುಟ್ಟಿತ್ತವ್ವಾ," ಅಂದಳು. "ಗ್ರಹಣದಾಗ ಬದನಿಕಾಯಿ ಹೆಚ್ಯಾಳ, ಅದಕ್ಕ ಹಿಂಗಾತು ಅಂತ ಊರು ಊರೇ ಆಡಿಕೊಂತು."

"ಅದಕ್ಕೂ ಗ್ರಹಣಕ್ಕೂ ಸಂಬಂಧನ ಇಲ್ರಿ. ಈಗ ಅದಕ್ಕ ಆಪರೇಷನ್ ಮಾಡಿ ಛಲೋ ಹೊಲಿತಾರ."

"ಸಂಬಂಧ ಇಲ್ಲಂತ ಅವತ್ತ ಆಕಿ ಪರವಾಗಿ ಯಾರೂ ಹೇಳಲಿಲ್ಲ. ಸಾಯೋ ತನ ಮಂದಿ ಅಂದಿದ್ದ ಅಂದಿದ್ದು. ನಾಳಿ ನನ್ನ ಮಗಳಿಗೆ ಅಂದ್ರ ನೀ ಬಂದು ಉಳ್ಳಾಗಡ್ಡಿ ತೋರಸ್ತಿಯೇನು?"

ಶೈಲಜಾ ದೀಪ ಎತ್ತಿ ದೇವರಮನೆಯಲ್ಲಿ ಇಟ್ಟು ಬಂದಳು. ನನಗೆ ಆಗ ತಿಳಿಯಿತು, ಈ ಹೆಂಗಸಿಗೆ ರಾಹುವಿನ ಭಯ ಅಷ್ಟಿಲ್ಲ, ಓಣಿಯ ಹೆಂಗಸರ ಬಾಯಿಯ ಭಯ. ರಾಹುವಾದರೂ ಸ್ವಲ್ಪ ಹೊತ್ತು ನುಂಗಿ ಉಗುಳುತ್ತಾನಂತೆ. ಓಣಿ ಉಗುಳುವುದಿಲ್ಲ.

ತಿಳಿಯಿತು ಅಂದೆ, ಸಿಟ್ಟು ಇಳಿಯಿತು ಅನ್ನಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವಳು ಹಿತ್ತಿಲ ಬಾಗಿಲ ಹಿಂದಿದ್ದ ಒನಕೆಗೆ ಕೈ ಹಾಕಿದ್ದಳು. ನಮ್ಮ ಅತ್ತೆಯ ಕಾಲದ ಒನಕೆ, ಬುಡಕ್ಕೆ ಅಗಲವಾದ ಕಬ್ಬಿಣದ ಬಳೆ. ಖಾರ ಕುಟ್ಟಲು ಗಿರಣಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಗಾಳಿಗೆ ಬಾಗಿಲು ಬಡಿಯದಂತೆ ಒತ್ತು ಕೊಟ್ಟು ನಿಲ್ಲುವುದೇ ಉದ್ಯೋಗ. ಅದನ್ನು ತೊಳೆದು, ವಿಭೂತಿ ಹಚ್ಚಿ, ಹಿತ್ತಾಳೆ ಪರಾತದಲ್ಲಿ ಅರಿಶಿನದ ನೀರು ತುಂಬಿ, ಪಡಸಾಲೆಯ ನಟ್ಟನಡುವೆ ಅದರೊಳಗೆ ನಿಲ್ಲಿಸಿದಳು. ಗ್ರಹಣ ಇರುವ ತನಕ ಒನಕೆ ಆಸರೆ ಇಲ್ಲದೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ತಾನಾಗಿ ಬೀಳುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಒನಕೆ ನಿಂತಿತು. ಸಂಬಳಕ್ಕೆ ಇಟ್ಟ ಕಾವಲುಗಾರನಂತೆ ನೆಟ್ಟಗೆ ನಿಂತಿತು. ಬೀಗತಿ ಎರಡು ಕೈ ಜೋಡಿಸಿದಳು. ಶೈಲಜಾ ಗೋಡೆಗೆ ಹೇಳುವಂತೆ, "ಬುಡ ಸಪಾಟ ಅದ, ಯಾವತ್ತಾದ್ರೂ ನಿಲ್ತದ. ನಾಳಿ ನಿಲ್ಲಿಸಿದ್ರೂ ನಿಲ್ತದ, ಹೋಳಿ ಹುಣ್ಣಿವಿಗೂ ನಿಲ್ತದ" ಅಂದಳು. ಗೋಡೆ ಒಪ್ಪಿತೋ ಏನೋ, ಬೀಗತಿ ಒಪ್ಪಲಿಲ್ಲ.

ಹೊರಗೆ ಇನ್ನೊಂದು ಗದ್ದಲ. ಓಣಿಯ ಹುಡುಗರು ನಮ್ಮ ಕಟ್ಟೆಯ ಮೇಲಿದ್ದ ನನ್ನ ಮೊಣಕಾಲಿನ ಎಕ್ಸ್‌ರೇ ಹಾಳೆ ಎತ್ತಿಕೊಂಡು ಹೋಗಿ ಅದರೊಳಗಿಂದ ಸೂರ್ಯನನ್ನು ನೋಡಲು ನಿಂತಿದ್ದರು. ನನ್ನ ಎಲುಬಿನ ಸಂದಿಯಲ್ಲಿ ಸೂರ್ಯ ಕಂಡರೆ ನನಗೇನೂ ನಷ್ಟವಿಲ್ಲ, ಕಾಣಲಿ ಬಿಡು ಅಂದೆ. ಶೈಲಜಾ ಓಡಿಹೋಗಿ ಕಸಿದುಕೊಂಡಳು. "ಕಣ್ಣು ಹೋಗ್ತಾವಲೇ, ನೋವೂ ಆಗಂಗಿಲ್ಲ, ಗೊತ್ತೂ ಆಗಂಗಿಲ್ಲ!" ಅಂತ ಬೈದು, ಒಳಗಿಂದ ನನ್ನ ಹಿಟ್ಟಿನ ಜರಡಿ ತಂದು ಬಿಸಿಲಿಗೆ ಅಡ್ಡ ಹಿಡಿದಳು. ಸುಳ್ಳು ಯಾಕೆ ಹೇಳಲಿ, ಅದನ್ನು ನೋಡಿ ನಾನು ಬಾಯಿ ತೆರೆದು ನಿಂತೆ. ಜರಡಿಯ ಒಂದೊಂದು ತೂತಿನಿಂದಲೂ ಒಂದೊಂದು ಸೂರ್ಯ ನೆಲಕ್ಕೆ ಬಿದ್ದಿದ್ದ, ಎಲ್ಲರಿಗೂ ಒಂದೇ ಕಡೆ ಯಾರೋ ಕಚ್ಚಿ ತಿಂದಿದ್ದರು. ನೆಲದ ತುಂಬ ಕರ್ಚಿಕಾಯಿ ಹರಡಿದಂತೆ. ಇಷ್ಟು ವರ್ಷ ಹಿಟ್ಟು ಸಾಣಿಸಿದ ಜರಡಿ, ಇದನ್ನು ನನಗೆ ಒಂದು ದಿನವೂ ತೋರಿಸಿರಲಿಲ್ಲ. ನಾನು ಬೀಗತಿಯನ್ನೂ ಕರೆದೆ. ಹೊಸ್ತಿಲ ಒಳಗೇ ನಿಂತು, ಸೆರಗಿನ ಅಂಚಿನಿಂದ ಇಣುಕಿ, "ಅಯ್ಯ ಶಿವನೇ, ಎಷ್ಟಕೊಂದು ಅದಾವ!" ಅಂದು ಒಳಗೆ ಹೋದಳು.

ಹೊತ್ತು ಏರಿತು. ನೆಲದ ಮೇಲಿನ ಕರ್ಚಿಕಾಯಿಗಳು ಉಬ್ಬುತ್ತ ಉಬ್ಬುತ್ತ ಗುಂಡಗಾದವು. ಟಿವಿಯ ಹುಡುಗ ಗ್ರಹಣ ಬಿಟ್ಟಿತು ಅಂದ. ಜ್ಯೋತಿಷಿಯೂ ಬಿಟ್ಟಿತು ಅಂದ, ವಿಜ್ಞಾನಿಯೂ ಬಿಟ್ಟಿತು ಅಂದ. ಆ ಒಂದು ಮಾತಿಗೆ ಇಬ್ಬರೂ ಹೂಂ ಅಂದರು. ಓಣಿಯಲ್ಲಿ ಬಾಗಿಲುಗಳು ತೆರೆದವು, ಬಚ್ಚಲಲ್ಲಿ ನೀರು ಬಿತ್ತು, ಒಲೆಗಳು ಹೊತ್ತಿದವು. ಎದುರು ಮನೆಯವರು ಸಜ್ಜೆ ಕಡಬು, ಬದನೆಕಾಯಿ ಭರ್ತದ ಬುಟ್ಟಿ ಆಟೋಗೆ ಏರಿಸಿ ಹೊಲಕ್ಕೆ ಹೊರಟೇಬಿಟ್ಟರು. ನಮ್ಮ ಪಡಸಾಲೆಯಲ್ಲಿ ಒನಕೆ ನಿಂತೇ ಇತ್ತು.

"ಬೀಗರ, ಗ್ರಹಣ ಬಿಟ್ಟದ. ಗೌರಿಗೆ ಉಣ್ಣಾಕ ಹಾಕೂಣು" ಅಂದೆ.

"ವನಕಿ ಬಿದ್ದಿಲ್ಲಲ್ರಿ."

"ಊರಿಗೆಲ್ಲ ಬಿಟ್ಟದಲ್ಲ!"

"ಊರಿಂದು ಊರಿಗೆ. ನಮ್ಮ ಮನ್ಯಾಗ ಇನ್ನೂ ನಿಂತದ."

ಹೀಗೆ ರಾಯಚೂರಿಗೆಲ್ಲ ಬಿಟ್ಟ ಗ್ರಹಣ, ನಮ್ಮ ಒಂದು ಮನೆಯನ್ನು ಹಿಡಿದುಕೊಂಡು ಕೂತಿತು. ಶೈಲಜಾ ಜರಡಿ ತಂದು ಬಾಗಿಲಲ್ಲಿ ಹಿಡಿದು, "ನೋಡ್ರಿ ಅಮ್ಮಾರ, ಗುಂಡಗ, ಪೂರಾ ಗುಂಡಗ!" ಅಂದಳು. ಬಸಲಿಂಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಿಟ್ಟಿನ ಜರಡಿ ನಂಬಲೋ ತಂಗಿ, ಹಿರ್ಯಾರ ವನಕಿ ನಂಬಲೋ?" ಅಂದಳು. ಅದಕ್ಕೆ ಶೈಲಜಾ, ಒನಕೆಯ ಭಾರ ಎಲ್ಲಿ ಬೀಳುತ್ತದೆ, ಬುಡದ ಅಗಲ ಎಷ್ಟು ಅಂತ ಶುರು ಮಾಡಿದಳು. ತಳ್ಳುವ ತನಕ ಅದು ಬೀಳುವುದಿಲ್ಲ, ಮುಂದಿನ ಎಳ್ಳಮಾಸಿ ಬಂದರೂ ಬೀಳುವುದಿಲ್ಲ ಅಂದಳು. ಆ ಮಾತು ಆಡಬಾರದಿತ್ತು. ಬೀಗತಿ ಅದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡು, "ಕೇಳಿದಿರಿ? ಬೀಳಂಗಿಲ್ಲ ಅಂತ ನಿಮ್ಮ ಟೀಚರನ ಅಂತಾಳ" ಅಂದು ಒನಕೆಯ ಮುಂದೆ ಕಾಲು ಮಡಚಿ ಕೂತಳು, ಯಾರೂ ಮುಟ್ಟದ ಹಾಗೆ. ಮಲ್ಲ್ಯಾ ಒಮ್ಮೆ ಹತ್ತಿರ ಸುಳಿದದ್ದಕ್ಕೆ, "ಅಳಿಯಂದ್ರ, ದೂರ" ಅಂತ ಗದರಿಸಿದಳು. ಗಿರಣಿಯಲ್ಲಿ ಅಷ್ಟು ದೊಡ್ಡ ಮಷಿನ್ ನಡೆಸುವವನು ಒಂದು ಕಟ್ಟಿಗೆಗೆ ಹೆದರಿ ಹೊರಗೆ ಹೋಗಿ ನಿಂತ.

ಒಳಗಿನಿಂದ ಗೌರಿಯ ದನಿ ಬಂತು. "ಅತ್ತೀ, ನೀರರ ಕೊಡ್ರಿ. ಕಣ್ಣಿಗೆ ಕತ್ತಲಿ ಬರಾಕತ್ತದ." ನಾನು ಬಾಗಿಲು ಸರಿಸಿ ನೋಡಿದೆ. ಕಂಬಳಿ ಕಟ್ಟಿದ ಕೋಣೆಯಲ್ಲಿ ಗೋಡೆಗೆ ಆನಿಕೊಂಡು ಕೂತಿದ್ದಳು. ಹಣೆಯ ಮೇಲೆ ಬೆವರು, ತುಟಿ ಬಿಳುಚಿತ್ತು, ಚಳಿಗಾಲದಲ್ಲಿ ಬೆವರುವುದು ಅಂದರೆ ಒಳ್ಳೆಯದಲ್ಲ. ಬಸಲಿಂಗಮ್ಮನೂ ನೋಡಿದಳು. ಅವಳ ಮೋರೆ ಒಮ್ಮೆ ಮಗಳ ಕಡೆ, ಒಮ್ಮೆ ಒನಕೆಯ ಕಡೆ ಹೋಗಿ ಬಂತು. ಅವಳಿಗೂ ಉಣಿಸಬೇಕು ಅಂತಲೇ ಇತ್ತು, ನಾನು ಕಂಡೆ. ಉಣಿಸಲು ಅವಳಿಗೆ ಒಂದು ದಾರಿ ಬೇಕಿತ್ತು, ಊರಿಗೆ ಹೋಗಿ ಹೇಳಿಕೊಳ್ಳುವಂಥ ದಾರಿ. ನಿಂಬೆಹಣ್ಣು ಈರುಳ್ಳಿ ಹಿಡಿದುಕೊಂಡು ದೇವದುರ್ಗದ ಹೆಂಗಸರ ಮುಂದೆ ನಿಲ್ಲುವುದು ಅವಳಿಂದಾಗುವ ಮಾತಲ್ಲ.

ಆವಾಗ ನಾನು ನೆಲಕ್ಕೆ ಕೂತೆ. ಮೊಣಕಾಲು ಕಟಕ್ ಅಂತು. ಬಾಯಿಗೆ ಬಂದದ್ದು ಹೇಳಿದೆ.

"ಬೀಗರ, ನಿಮ್ಮ ದೇವದುರ್ಗದ ಕಡೆ ಹ್ಯಾಂಗೋ ಗೊತ್ತಿಲ್ಲ. ನಮ್ಮ ಕುರ್ಡಿ ಕಡೆ ಬಸುರಿ ಇದ್ದ ಮನ್ಯಾಗ ವನಕಿ ತಾನಾಗೇ ಬೀಳಂಗಿಲ್ರಿ. ಅದರದೊಂದು ಕಥಿ ಅದ. ಹಿಂದ ಒಬ್ಬಾಕಿ ಇದ್ದಳಂತ, ಮಂದಿ ಮನಿ ನವಣಿ ಕುಟ್ಟಿ ಹೊಟ್ಟಿ ಹೊರಿಯಾಕಿ. ಒಂದಿನ ಗ್ರಹಣ ಹಿಡೀತು. ಎಲ್ಲಾರೂ ಬಾಗಲಾ ಹಾಕ್ಕೊಂಡ್ರು, ಈಕಿ ಮಾತ್ರ ಅಂಗಳದಾಗ ಕುಟ್ಟಾಕತ್ತಿದ್ಳು. ಸೂರ್ಯ ಮ್ಯಾಲಿಂದ ಕರದ, 'ಯವ್ವಾ, ನಾ ಜಾರಾಕತ್ತೀನಿ, ಜರಾ ಆಸರ ಕೊಡು' ಅಂತ. ಆಕಿ ಕೈಯಾಗ ಏನಿತ್ತು? ವನಕಿ. ಅದನ್ನ ಆಕಾಶಕ್ಕ ಒತ್ತು ಕೊಟ್ಟು ಹಿಡಕೊಂಡು ನಿಂತಳು. ಗ್ರಹಣ ಬಿಡ್ತು. ಸೂರ್ಯ ಅಂದ, 'ಸಾಕವ್ವಾ, ದಣದೀದಿ, ಇನ್ನ ಅಡ್ಡಾಗು.' ಈಕಿ ಅಂದಳು, 'ನಾ ಹ್ಯಾಂಗ ಅಡ್ಡಾಗಲೋ ಯಪ್ಪಾ? ಒಳಗ ನನ್ನ ಬಸುರಿ ಮಗಳು ಉಪಾಸ ಕುಂತಾಳ. ಆಕಿ ಉಂಡ ಮ್ಯಾಲ ನಾ ಅಡ್ಡಾಗಾಕಿ.' ಅವತ್ತಿನಿಂದ ಹಿಂಗ. ಗ್ರಹಣ ಬಿಟ್ಟರೂ ವನಕಿ ಬೀಳಂಗಿಲ್ಲ. ಬಸುರಿ ಅದರ ಮುಂದ ಕುಂತು ಹೊಟ್ಟಿ ತುಂಬ ಉಣಬೇಕು."

ಶೈಲಜಾ ಜರಡಿ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು.

"ಹಂಗಂದ್ರ," ಬಸಲಿಂಗಮ್ಮ ಒನಕೆಯ ಕಡೆ ತಿರುಗಿದಳು, "ಈಗ ಇದು ಗ್ರಹಣಕ್ಕ ನಿಂತಿದ್ದಲ್ಲ?"

"ಗ್ರಹಣ ಬಿಟ್ಟು ಬಾಳ ಹೊತ್ತಾತು. ಇದು ನಿಮ್ಮ ಮಗಳಿಗೆ ನಿಂತದ."

"ಮೊದಲ ಹೇಳಬಾರದೇನ್ರಿ ಬೀಗರ! ಹಾಳಾದ ಬಾಯಿ ನಿಮ್ಮದು, ಬೇಕಾದಾಗ ಮುಚ್ಚಿರ್ತದ!" ಅಂತ ನನ್ನನ್ನೇ ಬೈದು ಎದ್ದಳು. ಮಗಳ ತಲೆಗೆ ಒಂದ್ನಾಲ್ಕು ತಂಬಿಗೆ ಬಿಸಿನೀರು ಹಾಕಿ, ಸೀರೆ ಸುತ್ತಿ, ಒನಕೆಯ ಮುಂದೆ ಮಣೆ ಹಾಕಿ ಕೂರಿಸಿದಳು. ಗರಿಕೆ ಹಾಕಿಟ್ಟಿದ್ದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಗೌರಿ ಯಾರ ಮೋರೆಯನ್ನೂ ನೋಡದೆ ಉಂಡಳು. ತಾಯಿ ಎಡಗೈಯಿಂದ ಕಣ್ಣು ಒರೆಸಿಕೊಳ್ಳುತ್ತ ಬಲಗೈಯಿಂದ ಮೊಸರು ಸುರಿಯುತ್ತಿದ್ದಳು. ನನಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಜರಡಿಯ ಮಾತೂ ಉಳಿಯಿತು, ಒನಕೆಯ ಮಾತೂ ಉಳಿಯಿತು, ಹುಡುಗಿ ಉಂಡಳು.

ಗೌರಿ ಕೈ ತೊಳೆದಳು. ಒಂದು ತೇಗು ತೇಗಿದಳು. ಎಲ್ಲರೂ ಒನಕೆಯ ಕಡೆ ತಿರುಗಿದರು. ಒನಕೆ ನಿಂತಿತ್ತು.

ನಾನು ಕಥೆ ಕಟ್ಟುವಾಗ ಇದೊಂದನ್ನು ಯೋಚಿಸಿರಲಿಲ್ಲ. "ಇನ್ನಾ ಬೀಳವಲ್ದಲ್ರಿ?" ಬಸಲಿಂಗಮ್ಮನ ದನಿ ಸಣ್ಣಗಾಯಿತು. "ಉಂಡಿದ್ದು ತಪ್ಪಾತೇನ್ರಿ?" ಗೌರಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವಳ ಕಣ್ಣಲ್ಲಿ ನೀರು ತುಂಬಿತು. "ಇಳೀತದ, ತಡ್ರಿ, ದಣದದ" ಅಂತ ಏನೋ ತೊದಲಿದೆ. ಬುಡ ಅಷ್ಟು ಸಪಾಟಾಗಿ ಬಡಿದ ಕಮ್ಮಾರನನ್ನು ಮನಸ್ಸಿನಲ್ಲೇ ಬೈದೆ.

ಆಗ ಶೈಲಜಾ ಜರಡಿ ಕೆಳಗಿಟ್ಟಳು. "ಗ್ರಹಣದ ಹಾಸಿಗಿ ಬಟ್ಟಿ ಒಗಿಬೇಕಲ್ರಿ ಅಮ್ಮಾರ? ಮಷಿನ್‌ಗೆ ಹಾಕ್ತೀನಿ" ಅಂದಳು. "ಹಾಕವ್ವಾ" ಅಂದಳು ಬೀಗತಿ, ಕಣ್ಣು ಒನಕೆಯ ಮೇಲೆಯೇ ಇಟ್ಟು. ನಮ್ಮ ಬಟ್ಟೆ ಒಗೆಯುವ ಮಷಿನ್ನು ಪಡಸಾಲೆಯ ಗೋಡೆಗೆ ಹತ್ತಿಕೊಂಡೇ ಇದೆ. ಅದರ ಒಂದು ಕಾಲು ಗಿಡ್ಡ. ಬಟ್ಟೆ ಹಿಂಡಲು ತಿರುಗಿಸಿದರೆ ಮನೆಯೆಲ್ಲ ನಡುಗುತ್ತದೆ, ಒಮ್ಮೊಮ್ಮೆ ತವರಿಗೆ ಹೊರಟವಳಂತೆ ಬಾಗಿಲ ತನಕ ನಡೆದು ಬರುತ್ತದೆ. ಅದಕ್ಕೇ ಅದರಲ್ಲಿ ಭಾರದ ಬಟ್ಟೆ ಹಾಕಬಾರದು ಅಂತ ನಾನು ದಿನಾ ಬಡಿದುಕೊಳ್ಳುತ್ತೇನೆ. ಶೈಲಜಾ ಗೌರಿ ಹೊದ್ದಿದ್ದ ದಪ್ಪ ಕೌದಿಯನ್ನು ನೀರಲ್ಲಿ ಅದ್ದಿ, ಹಿಂಡುವ ಡಬ್ಬಿಗೆ ಒಂದೇ ಬದಿಗೆ ತುರುಕಿ, ಬಟನ್ ತಿರುಗಿಸಿದಳು.

ಮೊದಲು ಗುರ್ ಅಂತು. ಆಮೇಲೆ ಕುಣಿಯತೊಡಗಿತು. ಗೂಡಿನಲ್ಲಿದ್ದ ಗ್ಲಾಸುಗಳು ಹಲ್ಲು ಕಡಿದವು. ಪರಾತದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದವು. ಒನಕೆ ಒಮ್ಮೆ ಮೈ ಜುಮ್ಮೆಂದಂತೆ ನಡುಗಿ, ಯಾರಿಗೋ ಹೋಗಿಬರುತ್ತೇನೆ ಅಂತ ತಲೆ ಬಾಗಿಸಿ, ಧಡ್ ಅಂತ ಬಿತ್ತು. ಅರಿಶಿನದ ನೀರು ನಮ್ಮೆಲ್ಲರ ಮೇಲೆ ಸಿಡಿಯಿತು. ಬಸಲಿಂಗಮ್ಮ ಮಗಳನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತಳು. ಮಲ್ಲ್ಯಾ ಹೊರಗಿನಿಂದ ಓಡಿಬಂದು, "ಏನಾತು, ಏನಾತು?" ಅಂತ ಫೋಟೋ ಹೊಡೆದುಕೊಂಡ.

ಅಡುಗೆಮನೆಯಲ್ಲಿ ಶೈಲಜಾ ನನ್ನನ್ನು ಹಿಡಿದಳು. "ಅಜ್ಜಿ, ನೀ ಮಾಡಿದ್ದು ಮೋಸ."

"ಕಥಿ ಹೇಳಿದಾಕಿ ನಾ, ಕೌದಿ ತುರುಕಿದಾಕಿ ನೀ. ಇಬ್ಬರಿಗೂ ಅರ್ಧರ್ಧ ಬಂತು."

"ನಾ ಹೇಳಿದ್ದು ಖರೇ ಇತ್ತಲ್ಲ, ಅದನ್ನ ಯಾಕ ನಂಬಲಿಲ್ಲ ಆಕಿ?"

"ಖರೇ ಇತ್ತವ್ವಾ. ಆದ್ರ ನಿನ್ನ ಖರೇದಾಗ ಆಕಿ ಅಕ್ಕಗ ಕೂಡಾಕ ಜಾಗಾ ಇರಲಿಲ್ಲ." ಇಷ್ಟು ಹೇಳಿ ನಾನು ರೊಟ್ಟಿ ಬುಟ್ಟಿ ಎಳೆದುಕೊಂಡೆ. ನನಗೂ ಹಸಿವಾಗಿತ್ತು, ಹಸಿದಾಗ ನಾನು ವಾದ ಮಾಡುವುದಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಲೇ ಇರಲಿಲ್ಲ. ಗೌರಿ ದೇವದುರ್ಗಕ್ಕೆ ಹೋದಳು, ಹೆಣ್ಣು ಹೆತ್ತಳು. ತುಟಿ ಅಚ್ಚುಕಟ್ಟಾಗಿದೆ, ಅದರೊಳಗಿಂದ ಹೊರಡುವ ದನಿ ಮಾತ್ರ ಗಿರಣಿಯ ಭೋಂಗಾ. ಹೆರಿಗೆಯಾದ ಹೆಣ್ಣನ್ನು ನೋಡಲು ಬಂದವರಿಗೆಲ್ಲ ಬಸಲಿಂಗಮ್ಮ ಕೂಸಿನ ಜೊತೆ ಒನಕೆಯ ಕಥೆಯನ್ನೂ ಕೊಟ್ಟು ಕಳಿಸಿದಳು. ಕಥೆ ಅಲ್ಲಿಂದ ನೀರಮಾನ್ವಿಯ ನೆಂಟರಿಗೆ, ನೆಂಟರಿಂದ ಮಾನ್ವಿಗೆ ಹೋಯಿತು. ಒಂದು ಸಂಜೆ ಶೈಲಜಾ ಶಾಲೆಯಿಂದ ಬಂದವಳೇ ಚಪ್ಪಲಿ ಒದ್ದು ಬಿಟ್ಟಳು. ಗ್ರಹಣದ ಪಾಠ ಮಾಡಿ ಪ್ರಶ್ನೆ ಕೇಳಿದರೆ, ಒಬ್ಬ ಹುಡುಗಿ ಎದ್ದು ಕೈ ಕಟ್ಟಿಕೊಂಡು, ಸೂರ್ಯನಿಗೆ ಒನಕೆ ಒತ್ತು ಕೊಟ್ಟ ಹೆಂಗಸಿನ ಕಥೆಯನ್ನು ಒಂದು ಅಕ್ಷರ ಬಿಡದೆ ಹೇಳಿದಳಂತೆ. "ಸುಳ್ಳಂತ ಹೇಳಬೇಕಿಲ್ಲೇನು?" ಅಂದೆ. "ಹೇಳಿದೆ. 'ಹಂಗಂದ್ರ ಹೋದ ಎಳ್ಳಮಾಸಿಗೆ ರಾಯಚೂರಾಗ ಬಿದ್ದಿದ್ದು ಹ್ಯಾಂಗ್ರಿ ಟೀಚರ್?' ಅಂದಳು. ಏನಂತ ಹೇಳಲಿ? ಕೌದಿ ಹಾಕಿದಾಕಿ ನಾನ ಅಂತ ಹೇಳಲೇನು?"

ಇನ್ನು ಮಲ್ಲ್ಯಾನ ಮೊಬೈಲಿಗೆ ಅದು ಬೇರೆ ವೇಷದಲ್ಲಿ ಬಂತು. ಒನಕೆಯ ಕಬ್ಬಿಣದ ಬಳೆ ಆಕಾಶದ ಕಿರಣಗಳನ್ನು ಎಳೆದುಕೊಳ್ಳುತ್ತದಂತೆ, ಬಸುರಿ ಎದುರು ಕೂತು ಅಗಿದರೆ ಆ ಕಿರಣ ಶಾಂತವಾಗುತ್ತದಂತೆ, ಇದು ನಮ್ಮ ಪೂರ್ವಜರಿಗೆ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತಂತೆ. "ಲೇ, ಪೂರ್ವಜರಲ್ಲ, ನಾನ ಹೇಳಿದ್ದು, ನಿನ್ನ ಕಣ್ಣ ಮುಂದ!" ಅಂದೆ. "ನೀನೂ ಪೂರ್ವಜರಲ್ಲೇನವ್ವಾ?" ಅಂದ. ಇನ್ನೂ ಜೀವ ಇರುವಾಗಲೇ ಪೂರ್ವಜಳಾದೆ. ಅದಕ್ಕಿಂತ ಅಚ್ಚರಿ ಕೊನೆಯ ಸಾಲು: ಬಸುರಿಯ ಊಟ ಆದ ಕೂಡಲೇ ಅವಳ ಕೌದಿಯನ್ನು ನೆನೆಸಿ ಮಷಿನ್ನಿನಲ್ಲಿ ತಿರುಗಿಸಬೇಕು, ಮಷಿನ್ ಇಲ್ಲದವರು ಒನಕೆಯ ಹತ್ತಿರ ಕಲ್ಲಿನ ಮೇಲೆ ಎತ್ತಿ ಎತ್ತಿ ಒಗೆಯಬೇಕು. ಅದನ್ನು ಕೇಳಿ ಶೈಲಜಾ ಮೊದಲ ಸಲ ನಕ್ಕಳು. ನಾವು ಬಸಲಿಂಗಮ್ಮನಿಗೆ ಕಣ್ಣು ಕಟ್ಟಿದೆವು ಅಂತ ಮೆರೆದಿದ್ದೆವು. ಅವಳೋ, ಯಾವ ಕೆಲಸ ಆದ ಮೇಲೆ ಒನಕೆ ಬಿತ್ತು ಅನ್ನುವುದನ್ನು ಸರಿಯಾಗಿಯೇ ನೋಡಿಟ್ಟುಕೊಂಡಿದ್ದಳು.

ಮುಂಗಾರು ಶುರುವಾಗುವ ಹೊತ್ತಿಗೆ ಮತ್ತೊಂದು ಸೂರ್ಯಗ್ರಹಣ ಬಂತು. ಮನೆಯಲ್ಲಿ ಬಸುರಿ ಇಲ್ಲ, ಬೀಗತಿ ಇಲ್ಲ. ಈ ಸಲ ನೆಮ್ಮದಿಯಾಗಿ ಚಹಾ ಕುಡಿಯುತ್ತೇನೆ ಅಂದುಕೊಂಡು ಒಲೆಯ ಮುಂದೆ ನಿಂತೆ. ಮಲ್ಲ್ಯಾ ಯಾರೂ ಹೇಳದೆ ತಾನೇ ಪರಾತ ತಂದು ಒನಕೆ ನಿಲ್ಲಿಸಿದ್ದ. ಚಹಾ ಕುದಿಯುವಾಗ ಫೋನು ಹೊಡೆದುಕೊಂಡಿತು. ಬಸಲಿಂಗಮ್ಮ.

"ಬೀಗರ, ನಮ್ಮ ಮನ್ಯಾಗ ಈ ಸಲ ಬಸುರಿ ಇಲ್ರಿ, ಬಾಣಂತಿ ಅದಾಳ. ವನಕಿ ನಿಂತದ. ಈಕಿ ಉಣಬಹುದೇನ್ರಿ?"

ನನಗೆ ರೇಗಿತು. "ಬೀಗರ, ಕೇಳ್ರಿ. ಆ ಕಥಿ ನಾನ ಕಟ್ಟಿದ್ದು. ನಿಮ್ಮ ಮಗಳು ಹಸದಿದ್ಳು, ಅದಕ್ಕ ಹೇಳಿದೆ. ಹಿಂದಿಲ್ಲ, ಮುಂದಿಲ್ಲ, ಶುದ್ಧ ಸುಳ್ಳ."

ಆ ಕಡೆ ಬಸಲಿಂಗಮ್ಮ ಯಾರಿಗೋ ಹೇಳುವುದು ಕೇಳಿಸಿತು, "ನೋಡ್ರವ್ವಾ, ದೊಡ್ಡ ಮನಸ್ಸು ಅವರದು. ತಾವು ತಿಳದವರು ಅಂತ ಒಂದಿನಾನೂ ತೋರಿಸಿಕೊಳ್ಳಂಗಿಲ್ಲ." ಅವಳ ಸುತ್ತ ಹೆಂಗಸರು ಕೂತಿದ್ದರು ಅಂತ ಕಾಣುತ್ತದೆ, ಗುಜುಗುಜು ಕೇಳುತ್ತಿತ್ತು. ಅದರ ನಡುವೆ ಗೌರಿಯ ದನಿ, ಕೂಸಿನ ಅಳು. "ಅತ್ತೀ, ಏನರ ಒಂದು ಲಗೂ ಹೇಳ್ರಿ. ಕೂಸಿಗೆ ಹಾಲು ಸಾಲವಲ್ದು, ನನಗ ಹಸಿವಿ ಆಗ್ಯದ!"

ನಾನು ಒಲೆ ಆರಿಸಿ ನೆಲಕ್ಕೆ ಕೂತೆ. "ಹೂಂ, ಬಾಣಂತಿ ಉಣಬೇಕು. ಕೇಳ್ರಿ, ಅದಕ್ಕೂ ಒಂದು ಕಥಿ ಅದ," ಅಂದೆ. ಶೈಲಜಾ ಎಲ್ಲಿದ್ದಳೋ, ಓಡಿಬಂದು ಪಕ್ಕ ಕೂತು ನನ್ನ ಕಿವಿಯಲ್ಲಿ, "ಅಜ್ಜಿ, ಹಂಗ ಸೂರ್ಯನ್ನ ಬರಿಗಣ್ಣಿಲೆ ನೋಡಬಾರದು ಅಂತನೂ ಸೇರಿಸು. ಎಕ್ಸ್‌ರೇನಿಂದನೂ ನೋಡಬಾರದು ಅನ್ನು. ಜರಡಿ ಹಿಡದು ನೆಲದ ಮ್ಯಾಲ ನೋಡಬೇಕು ಅನ್ನು" ಅಂದಳು. ಸೇರಿಸಿದೆ. ಆ ಒನಕೆಯ ಹೆಂಗಸು ಸೂರ್ಯನಿಗೆ ನಾಚಿಕೆಯಾಗದಿರಲಿ ಅಂತ ಮುಖ ತಗ್ಗಿಸಿ, ಜರಡಿ ಹಿಡಿದು ನೆಲದ ಮೇಲೆ ಅವನ ನೆರಳು ನೋಡಿಕೊಂಡು ಮೊಮ್ಮಗುವಿಗೆ ತೋರಿಸಿದಳು ಅಂದೆ. ಶೈಲಜಾ ಹೆಬ್ಬೆರಳು ಎತ್ತಿ ತೋರಿಸಿದಳು. ಆ ಕಡೆ ಪಾತ್ರೆಗಳ ಸದ್ದು, ಜರಡಿ ಹುಡುಕುವ ಸದ್ದು, ಗೌರಿಯ ಬಾಯಲ್ಲಿ ರೊಟ್ಟಿ ಮುರಿಯುವ ಸದ್ದು.

ಫೋನಿಟ್ಟು, ಚಹಾ ಮತ್ತೆ ಬಿಸಿ ಮಾಡಿ, ಕಪ್ಪಿನಿಂದ ಬಸಿಗೆ ಸುರಿದುಕೊಂಡೆ. ಅಷ್ಟರಲ್ಲಿ ಮಲ್ಲ್ಯಾ ಬಾಗಿಲಲ್ಲಿ ನಿಂತು, "ಯವ್ವಾ, ನೀ ಈಗ ಕುಡಿಯೋ ಹಂಗಿಲ್ಲ. ಕಥಿ ಹೇಳಿದಾಕಿ ಎಲ್ಲಾರಿಗಿಂತ ಕಡೀಕ ಬಾಯಿಗೆ ಹಾಕಬೇಕಂತ. ಫೋನಿನ್ಯಾಗ ಬಂದದ" ಅಂದ.

"ಹೋಗಲೇ, ಹಾಳಾದವನ!" ಅಂದೆ. ಅಂಥದ್ದಕ್ಕೆಲ್ಲ ಹೆದರುವ ಪೈಕಿ ನಾನಲ್ಲ. ಬಿಸಿಬಿಸಿಯಾಗಿ, ಸದ್ದು ಮಾಡಿಕೊಂಡೇ ಕುಡಿದೆ. ಪಡಸಾಲೆಯಲ್ಲಿ ನಿಂತಿದ್ದ ಒನಕೆಗೆ ಬೆನ್ನು ತಿರುಗಿಸಿಕೊಂಡು ಕುಡಿದೆ ಅನ್ನುವುದು ಬೇರೆ ಮಾತು.